ಕುಡಿಯುವ ಕೆರೆ, ಮುಚ್ಚಳದ ಬಕೆಟ್

"ಏಯ್! ಆಚೆ ಬನ್ನಿ! ನೀರಿಂದ ಆಚೆ ಬನ್ನಿ ಅಂದೆ!"

ಮಾರ್ನಿ ಎದ್ದು ನಿಂತು ಕಿರುಚಿದ ರಭಸಕ್ಕೆ ಅವಳ ದೋಣಿಯೇ ಓಲಾಡಿತು.

ಸೊಂಟದವರೆಗಿನ ನೀರಿನಲ್ಲಿ ಒಬ್ಬ ಗಂಡಸು ನಿಂತಿದ್ದ. ವಿನ್ನಿಕ್ ಕೆರೆಯ ಮಂಜುಗಡ್ಡೆ ಕರಗಿ ಇನ್ನೂ ವಾರವಾಗಿಲ್ಲ. ಅಂಥ ನೀರಿನಲ್ಲಿ... ಇಡೀ ಊರು ಕುಡಿಯುವ ನೀರಿನಲ್ಲಿ!

ಈ ಕೆರೆಯಲ್ಲಿ ಈಜುವಂತಿಲ್ಲ, ಕಾಲು ಇಳಿಬಿಡುವಂತಿಲ್ಲ, ನಾಯಿಯನ್ನು ಇಳಿಸುವಂತಿಲ್ಲ. ದಂಡೆಯ ಮನೆಯವರು ತಮ್ಮದೇ ಜಾಗದ ಮರ ಕಡಿಯುವಂತಿಲ್ಲ, ಹುಲ್ಲಿಗೆ ಗೊಬ್ಬರ ಹಾಕುವಂತಿಲ್ಲ, ಹೆಬ್ಬಾತುಗಳಿಗೆ ಒಂದು ಚೂರು ಬ್ರೆಡ್ ಎಸೆಯುವಂತಿಲ್ಲ. ಊರಿನವರು ಈ ನಿಯಮಗಳನ್ನು ಬೈಯುತ್ತಲೇ ಪಾಲಿಸುತ್ತಾರೆ, ಯಾರೂ ನೋಡದಾಗ ಮುರಿಯುತ್ತಾರೆ. ಹಾಗೆ ಮುರಿಯುವವರನ್ನು ಹಿಡಿಯಲೆಂದೇ ನೀರಿನ ಮಂಡಳಿ ಮಾರ್ನಿ ಟಾರ್ಬಾಕ್ಸಳನ್ನು ಕೆಲಸಕ್ಕೆ ಇಟ್ಟುಕೊಂಡಿದೆ.

ಆ ಗಂಡಸು ತಿರುಗಿದ. ಅವನ ಎರಡೂ ಕೈಯಲ್ಲಿ ಒಂದು ಸತ್ತ ಹೆಬ್ಬಾತು! ಚಳಿಗಾಲವಿಡೀ ಮಂಜಿನಡಿ ಸಿಕ್ಕಿಕೊಂಡಿದ್ದು ಈಗ ಮೇಲೆದ್ದು ಬಂದದ್ದು. ಕುತ್ತಿಗೆ ಜೋತು ಬಿದ್ದಿತ್ತು, ಹೊಟ್ಟೆ ಬಿರಿದಿತ್ತು, ಅದರೊಳಗಿನಿಂದ ಏನೋ ಹಸಿರು ಹಸಿರಾಗಿ ಜಿನುಗುತ್ತಿತ್ತು.

"ಛೀ!" ಮಾರ್ನಿ ಮೂಗು ಮುಚ್ಚಿಕೊಂಡಳು. "ಛೀ ಛೀ! ಏನ್ರೀ ಅದು?"

"ಏನು ಅಂದ್ರೆ? ಬಾತು, ಮೇಡಂ." ಚಳಿಗೆ ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ಇದು ಇಲ್ಲೇ ಕೊಳೀತಾ ಇದ್ರೆ ನಿಯಮಕ್ಕೆ ಅಡ್ಡಿ ಇಲ್ಲ, ಇದನ್ನ ತೆಗೆಯೋಕೆ ನಾನು ಇಳಿದ್ರೆ ತಪ್ಪಾ?"

"ನಮಗೆ ಫೋನ್ ಮಾಡಬೇಕಿತ್ತು!"

"ಮಾಡ್ದೆ. ನಿಮ್ಮ ಆಫೀಸು ಇನ್ನೂ ತೆಗೆದಿಲ್ಲ ಅಂತ ಮೆಷಿನ್ನು ಹೇಳ್ತು."

ಗಾಳಿ ಅವಳ ಕಡೆ ತಿರುಗಿತು. ಆ ನಾತ ನೇರವಾಗಿ ಗಂಟಲಿಗೇ ಇಳಿಯಿತು. ಮಾರ್ನಿ ಬಾಯಿಗೆ ಕೈ ಅಡ್ಡ ಹಿಡಿದು ದೋಣಿಯ ಅಂಚಿಗೆ ಬಾಗಿದಳು...

"ಮೇಡಂ! ನೀರಿಗೆ ಬೇಡ! ಊರು ಕುಡಿಯೋ ನೀರು!"

ಹಾಗೆ ಕೂಗಿ ಅವನು ತಲೆಯ ಮೇಲಿದ್ದ ಉಣ್ಣೆಯ ಟೋಪಿ ಕಿತ್ತು ದೋಣಿಗೆ ಎಸೆದ. ವಿನ್ನಿಕ್ ಕೆರೆಯ ದಂಡೆ ಕಾಯುವ, ಯಾರಿಗೂ ಜಗ್ಗದ ಮಾರ್ನಿ ಟಾರ್ಬಾಕ್ಸ್, ಮುಖ ಪರಿಚಯವೂ ಇಲ್ಲದ ಗಂಡಸಿನ ಟೋಪಿಯೊಳಗೆ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿಬಿಟ್ಟಳು.

*ಭೂಮಿ ಬಾಯಿ ಬಿಡಬಾರದಾ... ಅಯ್ಯೋ, ನೀರಾದರೂ ಬಾಯಿ ಬಿಡಬಾರದಾ!*

"ಇಟ್ಕೊಳ್ಳಿ," ಅಂದ ಅವನು, ಬಾತನ್ನು ಹಿಡಿದೇ. "ವಾಪಸ್ ಕೊಡೋದೇನೂ ಬೇಡ."

ಅವನ ಹೆಸರು ಕಾನ್ರಾಡ್ ಲೆವೆಕ್. ಮಾರ್ನಿ ಬೆಳೆದ ಮನೆಯಲ್ಲಿ ಈಗ ಒಬ್ಬಳೇ ಇರುವ ಅವಳ ಸೋದರತ್ತೆ ಏವಿಸಳ ಪಕ್ಕದ ಮನೆಯನ್ನು ಚಳಿಗಾಲದಲ್ಲಿ ಕೊಂಡವನು. ಪಕ್ಕದ ಪಟ್ಟಣದ ವೃದ್ಧಾಶ್ರಮದಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬರುತ್ತಾನೆ. ಊರಿನವರ ಲೆಕ್ಕದಲ್ಲಿ ಅವನು 'ಹೊರಗಿನವನು', ಇನ್ನು ಇಪ್ಪತ್ತು ವರ್ಷ ಇಲ್ಲಿದ್ದರೂ ಹೊರಗಿನವನೇ.

*

ಮಾರ್ನಿಗೆ ಪ್ರಪಂಚದಲ್ಲಿ ಅರ್ಧದಷ್ಟು ಸಂಗತಿಗಳು ಅಸಹ್ಯ. ಮಿಕ್ಕರ್ಧವನ್ನು ಅವಳಿನ್ನೂ ಹತ್ತಿರದಿಂದ ನೋಡಿಲ್ಲ, ಅಷ್ಟೇ!

ಅದಕ್ಕೊಂದು ಕಾರಣವೂ ಇತ್ತು. ಅವಳು ಚಿಕ್ಕವಳಿದ್ದಾಗ ಒಂದು ಬೇಸಿಗೆ ಊರಿನ ನಲ್ಲಿಗಳಲ್ಲಿ ಕೆಟ್ಟ ವಾಸನೆಯ ನೀರು ಬಂತು. ಶಾಲೆಯ ಮಕ್ಕಳೆಲ್ಲ ವಾಂತಿ ಮಾಡಿ ಮಾಡಿ ಮಲಗಿದರು. ಅವಳನ್ನು ಸಾಕಿದ ತಾತ ಊರಿನ ಸಭೆಯಲ್ಲಿ ಎದ್ದು ನಿಂತು ಮೇಜು ಕುಟ್ಟಿದ್ದ. "ಹೊರಗಿಂದ ಬಂದೋರ ಹೊಲಸು ಇದು! ಟಾರ್ಬಾಕ್ಸ್ ಮನೆತನ ಇರೋವರೆಗೂ ಈ ಕೆರೆ ಕಾಯ್ತೀವಿ!" ಆ ಮಾತು ಮಾರ್ನಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಇವತ್ತಿಗೂ ಅವಳು ನೀರನ್ನು ಕುದಿಸದೆ ಕುಡಿಯುವುದಿಲ್ಲ.

ಅಂಥವಳಿಗೆ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಊರವರೆಲ್ಲ ಸೇರಿ ಉಣ್ಣುವ ಬೀನ್ಸ್ ಊಟ ಅಂದರೆ ಶಿಕ್ಷೆ. ಎಲ್ಲರೂ ಒಂದೇ ಸೌಟು ಮುಟ್ಟುತ್ತಾರೆ. ಆ ಶನಿವಾರ ಅವಳ ತಟ್ಟೆಯ ಬೀನ್ಸಿನಲ್ಲಿ ಉದ್ದನೆಯ ಬಿಳಿ ಕೂದಲೊಂದು ಸುರುಳಿ ಸುತ್ತಿಕೊಂಡಿತ್ತು. ಬಡಿಸಿದ ಅಜ್ಜಿ ಎದುರಿಗೇ ನಿಂತು "ಹೇಗಿದೆ?" ಅಂತ ನಗುತ್ತಿದ್ದಳು.

ಎದುರು ಕೂತಿದ್ದ ಕಾನ್ರಾಡ್ ತನ್ನ ತಟ್ಟೆಯನ್ನು ಅವಳ ಕಡೆ ತಳ್ಳಿ ಅವಳದನ್ನು ಎಳೆದುಕೊಂಡ. ಕೂದಲನ್ನು ಬೆರಳಲ್ಲಿ ತೆಗೆದು ಒರೆಸಿ ಊಟ ಮುಂದುವರಿಸಿದ.

"ಛೀ... ಹೇಗೆ ತಿಂತೀರಿ?" ಮಾರ್ನಿ ಪಿಸುಗುಟ್ಟಿದಳು.

"ಬಾಯಿಂದ, ಛೀ ಮೇಡಂ."

"ಛೀ ಮೇಡಂ ಅಂತೆ! ನಿಮಗೆ ಯಾವುದೂ ಅಸಹ್ಯ ಆಗಲ್ವಾ?"

ಅವನು ಯೋಚಿಸಿದ. "ಹಾಸಿಗೇಲೇ ಮಲ ಮೂತ್ರ ಮಾಡ್ಕೊಳ್ಳೋ ಮುದುಕರ ಹತ್ರ ಕೆಲಸ ನಂದು. ಮೊದಲು ನಂಗೂ ವಾಕರಿಕೆ ಬರ್ತಿತ್ತು. ಆಮೇಲೆ ಅವರ ಮುಖ ನೋಡೋದು ಕಲಿತೆ. ಕೆಳಗೆ ಏನಾಗಿದೆ ಅನ್ನೋದಕ್ಕಿಂತ ಅವರ ಕಣ್ಣಲ್ಲಿರೋ ನಾಚಿಕೆ ದೊಡ್ಡದು."

ಮಾರ್ನಿ ಅವನ ತಟ್ಟೆಯ ಬೀನ್ಸನ್ನು ಕೊನೆಯ ಕಾಳಿನವರೆಗೂ ತಿಂದಳು.

ಆಮೇಲೆ ಅವಳ ದೋಣಿ ದಿನವೂ ಅವನ ದಂಡೆಯ ಕಡೆ ತಿರುಗತೊಡಗಿತು. ಕೆಲಸ ಇರಲಿ, ಇಲ್ಲದಿರಲಿ! ಅವನು ಮೆಟ್ಟಿಲ ಮೇಲೆ ಕೂತು ನಿದ್ದೆಗಣ್ಣಲ್ಲಿ ಕಾಫಿ ಕುಡಿಯುತ್ತಿದ್ದ. ಅವಳು ನೀರಿನಿಂದಲೇ ಜಗಳ ತೆಗೆಯುತ್ತಿದ್ದಳು.

"ಆ ಪೊದೆ ಕತ್ತರಿಸಿದ್ದು ಯಾರು?"

"ಜಿಂಕೆ ತಿಂತು."

"ಜಿಂಕೆ ಕತ್ತರಿ ತಗೊಂಡು ಬಂದಿತ್ತಾ?"

"ನಿಮ್ಮೂರ ಜಿಂಕೆ. ನೀವೇ ಕೇಳಿ."

ಟೋಪಿಯಿಲ್ಲದ ಅವನ ಕಿವಿಗಳು ಬೆಳಗಿನ ಚಳಿಗೆ ಕೆಂಪಗಾಗಿರುತ್ತಿದ್ದವು. ಮಾರ್ನಿ ಅಂಗಡಿಗೆ ಹೋಗಿ ಒಂದು ನೀಲಿ ಉಣ್ಣೆಯ ಟೋಪಿ ಕೊಂಡಳು. ಹೇಗೆ ಕೊಡಬೇಕು, ಏನಂತ ಕೊಡಬೇಕು ಅಂತ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದಳು. *ನಿನಗೇನಾಗಿದೆ ಮಾರ್ನಿ? ಒಂದು ಟೋಪಿ ಕೊಡೋಕೆ ಇಷ್ಟೊಂದು ಎದೆ ಬಡಿತವಾ?*

*

ಆ ಟೋಪಿ ತೊಡೆಯ ಮೇಲಿದ್ದಾಗಲೇ ಅವಳು ಅದನ್ನು ಕಂಡದ್ದು.

ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಅತ್ತೆಯ ಮನೆಗೂ ಕಾನ್ರಾಡನ ಮನೆಗೂ ನಡುವೆ ನೀರಿಗೆ ಅಂಟಿಕೊಂಡೇ ಒಂದು ಕಾಲುದಾರಿ ಇದೆ. ಮೇಲಿನ ಮರಗಳ ಪಟ್ಟಿಯಲ್ಲಿ ಹೊಸ ದಾರಿ ಕಡಿಯುವಂತಿಲ್ಲ, ಹಾಗಾಗಿ ಇರುವುದು ಅದೊಂದೇ. ಅಲ್ಲಿ ಕಾನ್ರಾಡ್ ನೀರಿನ ಅಂಚಿಗೇ ಬಾಗಿ ಕುಕ್ಕರಿಸಿದ್ದ. ಪಕ್ಕದಲ್ಲಿ ಒಂದು ಬಕೆಟ್. ಮುಚ್ಚಳ ಜಾರಿತ್ತು.

ಮತ್ತೆ ಆ ನಾತ... ಇದು ಬಾತಿನದ್ದಲ್ಲ. ಮನುಷ್ಯರದ್ದು.

ಮಾರ್ನಿ ದೋಣಿಯನ್ನು ದಂಡೆಯ ಕಡೆ ತಿರುಗಿಸಿದಳು. "ಕಾನ್ರಾಡ್!"

ಅವನು ಬೆಚ್ಚಿ ಎದ್ದ. ಬಕೆಟ್ಟಿಗೆ ಅಡ್ಡ ನಿಂತ. ಹೌದು, ಅಡ್ಡ ನಿಂತ! ಕಳ್ಳನಲ್ಲದವನು ಯಾಕೆ ಅಡ್ಡ ನಿಲ್ಲುತ್ತಾನೆ?

"ಏನಿದೆ ಅದರಲ್ಲಿ?"

"ಮಾರ್ನಿ, ನೀನು ಅಂದ್ಕೊಂಡ ಹಾಗಲ್ಲ..."

"ಏನಿದೆ ಅದರಲ್ಲಿ ಅಂತ ಕೇಳ್ದೆ!"

"ನಿನ್ನ ಮೂಗೇ ಹೇಳ್ತಿದೆಯಲ್ಲ," ಅಂದ ಅವನು ತಗ್ಗಿದ ದನಿಯಲ್ಲಿ. "ಆದ್ರೆ ಒಂದು ಹನೀನೂ ನೀರಿಗೆ ಬಿದ್ದಿಲ್ಲ. ನನ್ನ ಬೂಟು ಕೆಸರಲ್ಲಿ ಹೂತು ಹೋಯ್ತು, ಎಳ್ಕೊಳ್ತಿದ್ದೆ. ಅಷ್ಟೇ."

"ಹೇಲು ತುಂಬಿದ ಬಕೆಟ್ ಹಿಡ್ಕೊಂಡು ಬೆಳಗಾಗೆದ್ದು ಕೆರೆ ದಂಡೇಲಿ ವಾಕಿಂಗಾ? ಯಾಕೆ? ಹೇಳು!"

ಅವನು ಬಾಯಿ ತೆರೆದ. ಅತ್ತೆಯ ಮನೆಯ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿದ.

"ಹೇಳೋಕಾಗಲ್ಲ."

ಮಾರ್ನಿಯ ಕಣ್ಣಲ್ಲಿ ನೀರು ತುಂಬಿತು. ಇವನ ಮಾತಿಗೆ ಕರಗಿದೆನಲ್ಲ! ಇವನ ತಟ್ಟೆಯಲ್ಲಿ ಉಂಡೆನಲ್ಲ! ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

"ತಾತ ಹೇಳ್ತಿದ್ದ, ಹೊರಗಿನೋರ ಹೊಲಸು ಅಂತ. ನಾನೇ ದಡ್ಡಿ. ಛೀ! ನಿನ್ನ ಮುಖ ನೋಡೋಕೂ ಅಸಹ್ಯ ಆಗುತ್ತೆ!"

ಆ ಮಾತಿಗೆ ಅವನ ಮುಖ ಬಿಳುಚಿಕೊಂಡಿತು. ಬಾಗಿ ಬಕೆಟ್ಟಿನ ಮುಚ್ಚಳವನ್ನು ಮತ್ತೆ ಬಿಗಿದ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಸಿಟ್ಟು ಬಂದವರಿಗೆ ಹಿರಿಯರ ಮಾತು ನೆನಪಾಗುವುದು ಕೆಲಸ ಕೆಟ್ಟ ಮೇಲೆ. ಅವತ್ತೇ ಮಧ್ಯಾಹ್ನ ಕಾನ್ರಾಡನ ಬಾಗಿಲ ಮೇಲೆ ಮಂಡಳಿಯ ಕೆಂಪು ಚೀಟಿ ಬಿತ್ತು: ಕೆರೆಗೆ ಹೊಲಸು ಬಿಡುವ ಶಂಕೆ ಇದೆ, ಪರೀಕ್ಷೆ ಮುಗಿಯುವವರೆಗೆ ಇಲ್ಲಿ ಯಾರೂ ವಾಸಿಸುವಂತಿಲ್ಲ. ತಪ್ಪು ಸಾಬೀತಾದರೆ ದಂಡೆಯಲ್ಲಿ ಮನೆ ಇಟ್ಟುಕೊಳ್ಳುವ ಹಕ್ಕೇ ಹೋಗುತ್ತದೆ. ಚೀಟಿ ಅಂಟಿಸಿದ್ದು ಮಾರ್ನಿಯ ಕೈ. ಅವನು ಒಂದು ಚೀಲ ತೆಗೆದುಕೊಂಡು, ಅವಳನ್ನು ದಾಟಿ ತನ್ನ ಟ್ರಕ್ಕಿಗೆ ನಡೆದ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

*

ಪರೀಕ್ಷೆ ಸುಲಭದ್ದು. ಟಾಯ್ಲೆಟ್ಟಿಗೆ ಗಾಢ ಬಣ್ಣ ಸುರಿದು ನೀರು ಬಿಡುವುದು. ಸೆಪ್ಟಿಕ್ ಟ್ಯಾಂಕ್ ಗಟ್ಟಿಯಾಗಿದ್ದರೆ ಬಣ್ಣ ನೆಲದಲ್ಲೇ ಉಳಿಯುತ್ತದೆ. ಒಡೆದಿದ್ದರೆ ಕೆರೆಯೇ ಚಾಡಿ ಹೇಳುತ್ತದೆ. ಪಕ್ಕದ ಮನೆಗೂ ಬೇರೆ ಬಣ್ಣ ಹಾಕಬೇಕೆಂಬುದು ನಿಯಮ.

ಮಾರ್ನಿ ಕಾನ್ರಾಡನ ಮನೆಗೆ ಹಸಿರು ಬಣ್ಣ ಸುರಿದಳು. ಎರಡು ದಿನ ದೋಣಿಯಲ್ಲಿ ಕೂತು ಕಾದಳು. ನೀರು ಕನ್ನಡಿಯಂತಿತ್ತು. ಹಸಿರಿನ ಒಂದು ಎಳೆಯೂ ಕಾಣಲಿಲ್ಲ.

*ಅದಕ್ಕೇ ಬಕೆಟ್ಟಲ್ಲಿ ಸುರೀತಿದ್ದ ಅಲ್ವಾ?* ಮನಸ್ಸು ತನಗೆ ಬೇಕಾದ ಕಡೆಗೇ ಎಳೆಯಿತು. ಆದರೆ ಒಳ್ಳೆಯ ಟಾಯ್ಲೆಟ್ ಇರುವವನು ಬಕೆಟ್ ಯಾಕೆ ಹೊರುತ್ತಾನೆ?

ಕೆಂಪು ಬಣ್ಣದ ಬಾಟಲಿ ಹಿಡಿದು ಅತ್ತೆಯ ಮನೆಗೆ ಬಂದರೆ, ಏವಿಸ್ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಪೈಪು ಹೆಪ್ಪುಗಟ್ಟಿದೆ ಮಗಳೇ. ಇನ್ನೊಂದಿನ ಬಾ."

"ಹೋದ ತಿಂಗಳು ಟಾಯ್ಲೆಟ್ಟಿಗೆ ಹೋಗ್ಬೇಕು ಅಂದಾಗ್ಲೂ ಅದೇ ಹೇಳ್ದೆ ಅತ್ತೆ. ಕಪ್ಪೆ ಕೂಗ್ತಿದೆ, ಹೊರಗೆ ಹೂ ಬಿಟ್ಟಿದೆ, ನಿನ್ನ ಪೈಪು ಮಾತ್ರ ಇನ್ನೂ ಹೆಪ್ಪುಗಟ್ಟಿದೆಯಾ?"

"ಹಳೇ ಪೈಪು. ನನ್ನ ಹಾಗೇ, ತಡವಾಗಿ ಕರಗುತ್ತೆ."

"ಐದು ನಿಮಿಷದ ಕೆಲಸ. ಸರಿ ಅತ್ತೆ, ಪಕ್ಕಕ್ಕೆ."

"ಬೇಡ ಮಾರ್ನಿ!"

ಅಷ್ಟರಲ್ಲಿ ಅವಳು ಒಳಗೆ ನುಗ್ಗಿ ಬಣ್ಣ ಸುರಿದು ನೀರು ಬಿಟ್ಟಾಗಿತ್ತು. ಪೈಪು ಗಳಗಳನೆ ಹರಿಯಿತು. ಹೆಪ್ಪೂ ಇಲ್ಲ, ಏನೂ ಇಲ್ಲ.

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತಳು. ಅವಳ ಮುಖ ನೋಡಿ ಏನೋ ಹೊಳೆದಂತಾಗಿ ಮಾರ್ನಿ ಹೊರಗೆ ಓಡಿದಳು.

ದಂಡೆಯ ಮೇಲೆ ಬಹಳ ಹೊತ್ತು ಕಾಯಬೇಕಾಗಲಿಲ್ಲ. ತಾತ ನೆಟ್ಟ ರೂಬಾರ್ಬ್ ಗಿಡಗಳ ಮಡಿಯ ಕೆಳಗೆ, ಕಲ್ಲುಗಳ ಸಂದಿನಿಂದ, ಮೊದಲು ಒಂದು ಎಳೆ. ಆಮೇಲೆ ಒಂದು ಧಾರೆ. ನೋಡನೋಡುತ್ತಿದ್ದಂತೆ ಕೆಂಪು ಬಣ್ಣ ಕೆರೆಯ ನೀರಿನಲ್ಲಿ ಹರಡಿಕೊಂಡಿತು. ಕಲ್ಲು ಎತ್ತಿದಾಗ ತುಕ್ಕು ಹಿಡಿದ ಪೈಪಿನ ಬಾಯಿ ಕಂಡಿತು. ಅದರ ಸುತ್ತ ವರ್ಷಗಟ್ಟಲೆ ಮೆತ್ತಿಕೊಂಡ ಕಪ್ಪು ಲೋಳೆ. ನಾತ. ಹುಳ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದ್ದಳು ಮಾರ್ನಿ.

"ನಿನ್ನ ತಾತನ ಕೆಲಸ," ಹಿಂದಿನಿಂದ ಅತ್ತೆಯ ದನಿ ಬಂತು. "ಟ್ಯಾಂಕು ಕೆಟ್ಟಾಗ ಹೊಸದು ಹಾಕಿಸೋ ಬದಲು ಕೆರೆಗೇ ಪೈಪು ಎಳೆದುಬಿಟ್ಟ. ನಂಗೂ ಗೊತ್ತಿರ್ಲಿಲ್ಲ ಕಣೇ, ಆಣೆ. ಚಳಿಗಾಲ ಮುಗಿಯೋ ಹೊತ್ತಿಗೆ ಆ ಹುಡುಗ ವಾಸನೆ ಹಿಡಿದು ಬಂದು ತೋರಿಸ್ದ."

"ಕಾನ್ರಾಡಾ?"

"ಇನ್ಯಾರು? ಮಂಡಳಿಗೆ ಹೇಳಿ ಅಂದ. ನಾನು ಕೈ ಮುಗಿದೆ. ಹೊಸ ಟ್ಯಾಂಕಿಗೆ ಹೇಳಿಟ್ಟಿದ್ದೆ, ಆದ್ರೆ ಮಂಜು ಕರಗಿ ಕೆಸರುಗಾಲ ಅಲ್ವಾ, ರಸ್ತೆ ಗಟ್ಟಿ ಆಗೋವರೆಗೆ ಭಾರದ ಲಾರಿ ಬಿಡಲ್ಲ. ನಮ್ಮ ಹುಡುಗಿ ಊರ ಮನೆಗಳಿಗೆಲ್ಲಾ ಚೀಟಿ ಅಂಟಿಸ್ತಾಳೆ, ಅವಳು ಬೆಳೆದ ಮನೇನೇ ಹೀಗೆ ಅಂದ್ರೆ ಊರು ಉಗಿಯುತ್ತೆ, ಅಷ್ಟು ದಿನ ಸುಮ್ನಿರಪ್ಪಾ ಅಂದೆ. ಅವನು ಒಪ್ಪಿದ್ದು ಒಂದೇ ಷರತ್ತಿಗೆ. ನಾನು ಟಾಯ್ಲೆಟ್ ಮುಟ್ಟಬಾರದು, ಒಂದು ಹನೀನೂ ಕೆರೆಗೆ ಹೋಗಬಾರದು. ಬಕೆಟ್ ದಿನಾ ಅವನೇ ತಗೊಂಡು ಹೋಗಿ ಅವನ ಮನೆ ಟಾಯ್ಲೆಟ್ಟಿಗೆ ಹಾಕ್ತಿದ್ದ."

ಮಾರ್ನಿ ಕಲ್ಲಿನ ಮೇಲೆ ಕೂತುಬಿಟ್ಟಳು.

"ಅವನ ಮನೆ ಮುಚ್ಚಿಸಿದ ಮೇಲೆ?"

"ಟ್ರಕ್ಕಲ್ಲಿ ಇಟ್ಕೊಂಡು ಆಶ್ರಮಕ್ಕೆ ಹೋಗ್ತಾನೆ. ಮುಚ್ಚಳ ಬಿಗಿಯಾಗಿದೆ ಅಜ್ಜಿ, ಯೋಚ್ನೆ ಮಾಡಬೇಡಿ ಅಂದ." ಅತ್ತೆ ಅಳತೊಡಗಿದಳು. "ನಿಜ ಹೇಳ್ತೀನಿ ಅಂತ ನಾನೇ ಹೊರಟೆ. ಧೈರ್ಯ ಬರ್ಲಿಲ್ಲ."

"ಅತ್ತೆ... ಆ ಬೇಸಿಗೆ... ನಮಗೆಲ್ಲ ವಾಂತಿ ಆಗಿತ್ತಲ್ಲ... ಅದೂ..."

"ಗೊತ್ತಿಲ್ಲ ಮಗಳೇ. ಆ ದೇವರೇ ಬಲ್ಲ."

ತಾತ ಮೇಜು ಕುಟ್ಟಿದ ಸದ್ದು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಈಗ ಅದು ಎಷ್ಟು ಹೊಲಸಾಗಿ ಕೇಳಿಸಿತು! ಮಾರ್ನಿಗೆ ಮೈಯೆಲ್ಲ ಉಜ್ಜಿ ತೊಳೆದುಕೊಳ್ಳಬೇಕೆನಿಸಿತು. ಆದರೆ ಈ ಕೊಳೆ ಸೋಪಿಗೆ ಹೋಗುವಂಥದ್ದಲ್ಲ.

ಅವಳು ಮಂಡಳಿಯ ಅಧ್ಯಕ್ಷ ಹೋಬರ್ಟನಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವನು ಕೆಮ್ಮಿದ.

"ಬೇರೆ ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಮತ್ತೆ? ರಸ್ತೆ ತೆರೆದ ಮೇಲೆ ಟ್ಯಾಂಕು ಹಾಕಿಸಿಬಿಡು. ನಿಮ್ಮ ತಾತನ ಹೆಸರು ಯಾಕೆ ಕೆಡಿಸ್ತೀಯ? ನಿನ್ನ ಕೆಲಸಾನೂ ಉಳಿಯುತ್ತೆ. ಆ ಹೊರಗಿನವನ ಚೀಟಿ ಸ್ವಲ್ಪ ದಿನ ಇದ್ರೆ ಏನೂ ಲೋಕ ಮುಳುಗಲ್ಲ."

"ಛೀ!" ಅಂದಳು ಮಾರ್ನಿ. ಜೀವನದಲ್ಲಿ ಇಷ್ಟು ಮನಸಾರೆ ಅವಳು ಯಾವತ್ತೂ ಛೀ ಅಂದಿರಲಿಲ್ಲ.

ಕಾನ್ರಾಡನ ಬಾಗಿಲಿನ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಹೊಸದೊಂದು ಬರೆದು ತಾನು ಹುಟ್ಟಿ ಬೆಳೆದ ಮನೆಯ ಬಾಗಿಲಿಗೆ ತಾನೇ ಅಂಟಿಸಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಸಹಿ ಹಾಕಿದಳು, ದಾರಿಯಲ್ಲಿ ಹೋಗುವವರಿಗೂ ಕಾಣುವಂತೆ. ಅತ್ತೆಯ ಬಟ್ಟೆಬರೆ ಕಟ್ಟಿ ಊರೊಳಗಿನ ತನ್ನ ಬಾಡಿಗೆ ಕೋಣೆಗೆ ಕಳಿಸುವ ವ್ಯವಸ್ಥೆ ಮಾಡಿದಳು.

ಆಮೇಲೆ ಸ್ನಾನದ ಕೋಣೆಯ ಮೂಲೆಯಲ್ಲಿ ಆ ಬಕೆಟ್ ಕಂಡಿತು. ಅವತ್ತಿನದು. ಇನ್ನೂ ಯಾರೂ ಒಯ್ದಿರಲಿಲ್ಲ.

"ಅದಿರ್ಲಿ ಬಿಡು, ಕಾನ್ರಾಡ್‌ಗೆ ಫೋನ್ ಮಾಡ್ತೀನಿ," ಅಂದಳು ಅತ್ತೆ.

"ಬೇಡ. ನಾನೇ ಒಯ್ತೀನಿ."

"ನೀನಾ?" ಅತ್ತೆ ಅಳುವಿನ ನಡುವೆಯೂ ನಕ್ಕಳು. "ಬೀನ್ಸಿನಲ್ಲಿ ಕೂದಲು ಸಿಕ್ಕಿದ್ರೆ ಮೂರು ದಿನ ಉಪವಾಸ ಮಾಡೋಳು ನೀನು!"

*

ಕಾನ್ರಾಡನ ಮನೆಯ ಕಡೆಯ ಕಾಲುದಾರಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ಮಾರ್ನಿ ನಿಂತು ಆಕಾಶ ನೋಡಿ ಉಸಿರೆಳೆದುಕೊಂಡಳು. ಬಕೆಟ್ ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಒಳಗೆ ಏನೋ ತುಳುಕುವುದು ಕೈಗೆ ತಿಳಿಯುತ್ತಿತ್ತು. ಅವನು ಇದನ್ನು ಎಷ್ಟು ಬೆಳಗುಗಳಲ್ಲಿ ಹೊತ್ತಿದ್ದನೋ! ರಾತ್ರಿಯೆಲ್ಲ ಮುದುಕರ ಸೇವೆ ಮಾಡಿ ಬಂದು, ಕಣ್ಣು ಮುಚ್ಚುವ ಮೊದಲು, ಅವಳ ಮನೆತನದ ಹೊಲಸನ್ನು! ಅವಳೋ, ಅವನ ಮುಖಕ್ಕೇ ಅಸಹ್ಯ ಅಂದಿದ್ದಳು.

ಕಣ್ಣು ಮಂಜಾಯಿತು. ಅದೇ ಜಾಗದಲ್ಲಿ, ಅದೇ ಕೆಸರಿನಲ್ಲಿ, ಅವಳ ಬೂಟು ಪಚಕ್ಕನೆ ಹೂತುಹೋಯಿತು. ಎಳೆದಳು. ಕಾಲು ಬಂತು, ಬೂಟು ಬರಲಿಲ್ಲ. ಒಂಟಿ ಕಾಲಿನಲ್ಲಿ, ಬಕೆಟ್ಟನ್ನು ಎದೆಗೆ ಅವಚಿಕೊಂಡು, ನೀರಿನ ಅಂಚಿನಲ್ಲಿ ಓಲಾಡುತ್ತ ನಿಂತಳು.

"ಏಯ್! ಕುಡಿಯೋ ನೀರಿನ ಪಕ್ಕ ಏನ್ರೀ ಮಾಡ್ತಿದ್ದೀರಿ?"

ದಾರಿಯ ತುದಿಯಲ್ಲಿ ಕಾನ್ರಾಡ್ ನಿಂತಿದ್ದ. ಅತ್ತೆ ಫೋನ್ ಮಾಡದೆ ಬಿಟ್ಟಿರಲಿಲ್ಲ.

ಮಾರ್ನಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂತು. "ನೀನು ಅಂದ್ಕೊಂಡ ಹಾಗಲ್ಲ..."

"ಏನಿದೆ ಅದರಲ್ಲಿ?"

"ನಮ್ಮ ಮನೆತನದ ಮರ್ಯಾದೆ."

ಅವನು ನಗಲಿಲ್ಲ. ಹತ್ತಿರ ಬಂದು ಕೆಸರಿಗೆ ಕೈ ಹಾಕಿ ಬೂಟನ್ನು ಕಿತ್ತು ಅವಳ ಕಾಲಿಗೆ ತೊಡಿಸಿದ. ಬಕೆಟ್ಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಬೇಡ. ಮೊದ್ಲು ನನ್ನ ಮಾತು ಕೇಳು. ನಾನು ಅಂದದ್ದು... ಆ ಮಾತು... ಬಾಯಿಗೆ ಸೋಪು ಹಾಕಿ ತಿಕ್ಕಿದ್ರೂ ಹೋಗಲ್ಲ ಅದು. ನೀನು ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ನಿನ್ನ ಮನೆ ಉಳೀತಿತ್ತು!"

"ನಿಮ್ಮತ್ತೆಗೆ ಮಾತು ಕೊಟ್ಟಿದ್ದೆ." ಅವನು ತಡೆದು, "ಅದೊಂದೇ ಅಲ್ಲ. ಹೇಳಿದ್ರೆ ನಿನ್ನ ಕಣ್ಣಲ್ಲಿ ಆ ನಾಚಿಕೆ ನೋಡಬೇಕಾಗಿತ್ತು. ಆಶ್ರಮದಲ್ಲಿ ದಿನಾ ನೋಡ್ತೀನಿ. ನಿನ್ನ ಕಣ್ಣಲ್ಲಿ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ."

"ಈಗ ನೋಡ್ತಿದ್ದೀಯಲ್ಲ."

"ಹ್ಞೂಂ. ಆದ್ರೂ ಚೆನ್ನಾಗೇ ಇದ್ದೀಯ."

ಮಾರ್ನಿಯ ಕೆನ್ನೆಯ ಮೇಲೆ ನೀರು ಹರಿಯಿತು. ಒರೆಸಿಕೊಳ್ಳಲು ಅವಳ ಕೈಗೆ ಬಿಡುವಿರಲಿಲ್ಲ. "ಸಭೇಲಿ ಎಲ್ಲರ ಮುಂದೆ ಹೇಳ್ತೀನಿ. ನನ್ನ ಕೆಲಸ ಹೋದ್ರೂ ಹೋಗ್ಲಿ."

"ಹೋದ್ರೆ ಆಶ್ರಮಕ್ಕೆ ಬಾ. ಅಲ್ಲಿ ಬಕೆಟ್ಟುಗಳಿಗೆ ಕೊರತೆ ಇಲ್ಲ."

"ಛೀ!"

ಇಬ್ಬರೂ ನಕ್ಕುಬಿಟ್ಟರು. ಅವಳು ಬಕೆಟ್ಟಿನ ಹಿಡಿಯನ್ನು ಒಂದು ಪಕ್ಕಕ್ಕೆ ಸರಿಸಿ ಹಿಡಿದಳು. ಅವನಿಗೆ ಅರ್ಥವಾಯಿತು. ಮಿಕ್ಕ ಅರ್ಧಕ್ಕೆ ಅವನ ಕೈ ಬಂತು. ಕೆಸರು ಮೆತ್ತಿದ ಅವನ ಬೆರಳುಗಳು ಅವಳ ಬೆರಳುಗಳಿಗೆ ಒತ್ತಿಕೊಂಡವು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಇನ್ನೊಂದು ಕೈಯಿಂದ ಜೇಬು ತಡಕಾಡಿ ನೀಲಿ ಟೋಪಿ ತೆಗೆದು, ತುದಿಗಾಲಲ್ಲಿ ನಿಂತು, ಅವನ ಕೆಂಪು ಕಿವಿಗಳ ಮೇಲೆ ಎಳೆದಳು.

"ತೊಳೆದಿದ್ದೀಯಾ ತಾನೇ?" ಅಂದ ಅವನು ಅನುಮಾನದಿಂದ.

"ಹೊಸದು ಕಣೋ!"

ಇಬ್ಬರೂ ಬಕೆಟ್ ತುಳುಕದಂತೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರು. ಗಾಳಿ ಬೀಸಿದಾಗ ನಾತ ಗುಪ್ಪನೆ ಬಂತು. ಮಾರ್ನಿಯ ಮುಖ ಕಿವುಚಿಕೊಂಡಿತು.

"ಅಸಹ್ಯ ಆಗ್ತಿದೆಯಾ, ಛೀ ಮೇಡಂ?"

"ತುಂಬಾ."

"ಹಾಗಾದ್ರೆ ಬಿಡು, ನಾನೊಬ್ಬನೇ ಒಯ್ತೀನಿ."

ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬಿಡಲ್ಲ. ಇನ್ನು ಮೇಲೆ ಅರ್ಧ ನಂದು."